ಕಸಂ ಪರೇಡಿಗೆ ದಾವಣಗೆರೆಯಿಂದ ಬೆಳಗಾವಿಗೆ: ಹಿಂದಿನ ದಿನವೇ ಹೊರಡಿ

ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರಿನಲ್ಲಿ ಕಸಂ ಪರೇಡ್, ಅಂದರೆ ತರಬೇತಿ ಮುಗಿಸಿದ ಹುಡುಗರು ಸೈನಿಕರಾಗಿ ಪ್ರಮಾಣ ಮಾಡುವ ಪರೇಡ್, ನಡೆಯುವುದು ಬೆಳಿಗ್ಗೆ, ಬಿಸಿಲು ಏರುವ ಮುಂಚೆ. ದಾವಣಗೆರೆಯಿಂದ ಅಲ್ಲಿಗೆ ಸುಮಾರು 240 ಕಿಲೋಮೀಟರ್. ಮಗನಿಂದ ತಾರೀಖು ಬಂದ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ರಾತ್ರಿ ಉಂಡು ಹನ್ನೊಂದಕ್ಕೆ ಗಾಡಿ ಬಿಟ್ರೆ ಬೆಳಕು ಹರಿಯೋದ್ರೊಳಗೆ ಬೆಳಗಾವಿ. ಲಾಡ್ಜ್ ದುಡ್ಡು ಉಳೀತು." ಈ ಮಾತಿಗೆ ಒಪ್ಪಬೇಡಿ. ಹಿಂದಿನ ದಿನ ಬೆಳಿಗ್ಗೆಯೇ ಹೊರಡಿ, ಒಂದು ರಾತ್ರಿ ಬೆಳಗಾವಿಯಲ್ಲಿ ಮಲಗಿ. ಮಕ್ಕಳನ್ನು ಸೈನ್ಯಕ್ಕೆ ಕಳಿಸಿ, ಪರೇಡಿಗೆ ಹೋಗಿಬಂದ ಮನೆಯವರು ನಾವು ಸೇರಿ ಮಾತಾಡಿದಾಗೆಲ್ಲ ಕೊನೆಗೆ ಬಂದು ನಿಲ್ಲುವುದು ಇದೇ ಮಾತಿಗೆ.

ದುಡ್ಡಿನ ಲೆಕ್ಕವನ್ನೇ ಮೊದಲು ನೋಡಿ. ಬಾಡಿಗೆ ಟೆಂಪೊ ಟ್ರಾವೆಲರ್ ಆಗಲಿ, ಇನ್ನೋವಾ ಆಗಲಿ, ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಎಂದು ಹಿಡಿಯುತ್ತಾರೆ. 250ರ ಗಾಡಿ ಆದರೆ ಎರಡು ದಿನಕ್ಕೆ 500 ಕಿ.ಮೀ. ಹೋಗಿ ಬರುವ ದಾರಿ, ಊರೊಳಗಿನ ಓಡಾಟ ಎಲ್ಲ ಸೇರಿ ನಿಮ್ಮ ಓಟವೇ 510ರ ಆಸುಪಾಸು. ಅಂದರೆ ಎರಡು ದಿನ ಇಟ್ಟುಕೊಂಡರೂ ಕಿಲೋಮೀಟರಿನ ಬಾಡಿಗೆ ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ಡ್ರೈವರ್ ಬತ್ತೆ ಒಂದು ದಿನದ್ದು, ಮತ್ತೆ ಲಾಡ್ಜು. ಇನ್ನೊಂದು ಸಂಗತಿ, ಬಹಳಷ್ಟು ಗಾಡಿಯವರಿಗೆ ದಿನ ಬದಲಾಗುವುದು ರಾತ್ರಿ 12ಕ್ಕೆ. ಹನ್ನೊಂದಕ್ಕೆ ಹೊರಟರೆ ಆ ಒಂದು ಗಂಟೆಗೂ ಪೂರ್ತಿ ದಿನದ ಲೆಕ್ಕ ಬೀಳುತ್ತದೆ. ಬಾಡಿಗೆ ಮಾತಾಡುವಾಗಲೇ ಇದನ್ನು ಕೇಳಿ ಇಟ್ಟುಕೊಳ್ಳಿ.

ದುಡ್ಡಿಗಿಂತ ದೊಡ್ಡದು ಡ್ರೈವರ್ ನಿದ್ದೆ. ಹಗಲೆಲ್ಲ ಬೇರೆ ಬಾಡಿಗೆ ಹೊಡೆದು ರಾತ್ರಿ ನಿಮ್ಮ ಗಾಡಿ ಹತ್ತುವವರಿಗೆ ಹುಬ್ಬಳ್ಳಿ ದಾಟುವ ಹೊತ್ತಿಗೆ, ಸರಿಯಾಗಿ ಎರಡು ಮೂರು ಗಂಟೆಗೆ, ಕಣ್ಣು ಎಳೆಯುತ್ತದೆ. ಅದೇ ಜಾಗದಲ್ಲಿ ಹುಬ್ಬಳ್ಳಿ-ಧಾರವಾಡ ಬೈಪಾಸ್ ಬರುತ್ತದೆ. 2021ರ ಜನವರಿಯಲ್ಲಿ ಇದೇ ಬೈಪಾಸಿನ ಇಟ್ಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟಿದ್ದ ನಮ್ಮ ದಾವಣಗೆರೆಯ ಹೆಣ್ಣುಮಕ್ಕಳ ಟೆಂಪೊ ಟ್ರಾವೆಲರಿಗೆ ಟಿಪ್ಪರ್ ಡಿಕ್ಕಿಯಾಗಿದ್ದನ್ನು ಊರು ಮರೆತಿಲ್ಲ. ಆ ಅಪಘಾತದ ಹೆಸರು ಹೇಳಿ ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಜ್ಜಿಯಿಂದ ಕೂಸಿನವರೆಗೆ ಇಡೀ ಮನೆಯನ್ನು ಒಂದೇ ಗಾಡಿಯಲ್ಲಿ ಕೂರಿಸಿ ಹೊರಡುವಾಗ ಆ ದಾರಿಯನ್ನು ಹಗಲಲ್ಲೇ ದಾಟಬೇಕು.

ಭಾನುವಾರದ ಫೋನ್

ಇನ್‌ಫೆಂಟ್ರಿಯ, ಅಂದರೆ ಕಾಲ್ದಳದ, ಅಗ್ನಿವೀರರ ತರಬೇತಿ 31 ವಾರದ್ದು. ಅಷ್ಟು ದಿನವೂ ಹುಡುಗರ ಕೈಗೆ ಫೋನು ಸಿಗುವುದು ವಾರಕ್ಕೊಮ್ಮೆ, ಹೆಚ್ಚಾಗಿ ಭಾನುವಾರ, ಅದೂ ಸ್ವಲ್ಪ ಹೊತ್ತು. ಅಮ್ಮ "ಉಂಡೆಯಾ, ಕಾಲು ನೋವು ಹೆಂಗೈತಿ" ಎಂದು ಕೇಳುವುದರಲ್ಲೇ ಆ ಹೊತ್ತು ಮುಗಿಯುತ್ತದೆ, ಮುಗಿಯಬೇಕಾದ್ದೂ ಹೌದು. ಆದರೆ ಪರೇಡಿಗೆ ಒಂದು ತಿಂಗಳು ಇರುವಾಗಿನಿಂದ ಒಂದು ಚೀಟಿ ಫೋನ್ ಪಕ್ಕದಲ್ಲಿರಲಿ. ಅದರಲ್ಲಿ ಕೇಳಬೇಕಾದ್ದು ಇಷ್ಟು: ತಾರೀಖು ಪಕ್ಕಾ ಆಯಿತೇ, ಎಷ್ಟು ಜನಕ್ಕೆ ಅವಕಾಶ, ಯಾವ ಗೇಟು, ಎಷ್ಟು ಗಂಟೆಯೊಳಗೆ ಒಳಗಿರಬೇಕು, ಗಾಡಿ ಒಳಗೆ ಬಿಡುತ್ತಾರೋ ಹೊರಗೆ ನಿಲ್ಲಿಸಬೇಕೋ, ಪರೇಡ್ ಮುಗಿದ ಮೇಲೆ ರಜೆ ಇದೆಯೋ ಅಥವಾ ನೇರ ಯೂನಿಟ್ಟಿಗೋ.

ತಾರೀಖಿನ ವಿಷಯದಲ್ಲಿ ಆತುರ ಬೇಡ. ಮಳೆ, ಮುಖ್ಯ ಅತಿಥಿಯ ಬರವು, ಬ್ಯಾಚಿನ ಪರೀಕ್ಷೆ, ಯಾವುದೋ ಒಂದು ಕಾರಣಕ್ಕೆ ನಾಲ್ಕಾರು ದಿನ ಹಿಂದೆ ಮುಂದೆ ಆಗುವುದುಂಟು. ಹುಡುಗರ ನಡುವೆ ಓಡಾಡುವ ತಾರೀಖು ಬೇರೆ, ಅವರ ಕಂಪನಿಯ, ಅಂದರೆ ಸೈನ್ಯದ ತುಕಡಿಯ, ಆಫೀಸಿನಿಂದ ಬರುವ ತಾರೀಖು ಬೇರೆ. ಎರಡನೆಯದು ಬರುವವರೆಗೆ ಅಡ್ವಾನ್ಸ್ ವಾಪಸ್ ಬರದ ಯಾವ ಬುಕಿಂಗನ್ನೂ ಮಾಡಬೇಡಿ. ಡಿಸೆಂಬರಿನಲ್ಲಿ ಮಾತ್ರ ಇದಕ್ಕೆ ಅಪವಾದ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂತರೆ ಬೆಳಗಾವಿಯ ಲಾಡ್ಜುಗಳೆಲ್ಲ ಸರಕಾರಿ ಅಧಿಕಾರಿಗಳು, ಪೊಲೀಸರು, ಪತ್ರಕರ್ತರಿಂದ ತುಂಬಿಹೋಗುತ್ತವೆ. ಆಗ ರದ್ದು ಮಾಡಲು ಬರುವಂಥ ರೂಮನ್ನು ಮುಂಚೆಯೇ ಹಿಡಿದಿಡಿ. ಸಿಗದಿದ್ದರೆ ಧಾರವಾಡದಲ್ಲಿ ಉಳಿಯಿರಿ, ಬೆಳಿಗ್ಗೆ ಸುಮಾರು 80 ಕಿ.ಮೀ. ಅಷ್ಟೇ ಉಳಿಯುತ್ತದೆ. ಆದರೂ ಆ ದಿನ ನಸುಕಿನ 4ಕ್ಕೇ ಹೊರಡಬೇಕಾಗುತ್ತದೆ.

ಹೆಸರಿನ ಪಟ್ಟಿ ಕಳಿಸುವುದರಲ್ಲಿ ನಮ್ಮ ಕಡೆಯವರು ಎಡವುವುದು ಇನಿಶಿಯಲ್ಲಿನಲ್ಲಿ. ನಮ್ಮಲ್ಲಿ ಊರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ ಹೆಸರಿನ ಮುಂದೆಯೋ ಹಿಂದೆಯೋ ಇರುತ್ತದೆ. ಹುಡುಗ ಭರ್ತಿಯಾಗುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆ ಅಪ್ಪನ ಹೆಸರು ಬರೆಸಿರುತ್ತಾನೆ. ಅಪ್ಪನ ಆಧಾರಿನಲ್ಲಿ ಅದು ಬೇರೆ ರೀತಿ ಇರುತ್ತದೆ. ಗೇಟಿನಲ್ಲಿ ಪಟ್ಟಿ ಹಿಡಿದು ನಿಂತ ಜವಾನ ಪಂಜಾಬಿನವನೋ ಮಹಾರಾಷ್ಟ್ರದವನೋ ಆಗಿರುತ್ತಾನೆ, ಇನಿಶಿಯಲ್ ಎತ್ತಲಿಂದ ಎತ್ತ ಹಾರಿದೆ ಎಂದು ಅವನಿಗೆ ತಿಳಿಯುವುದಿಲ್ಲ. ಹಾಗಾಗಿ ಬರುವ ಪ್ರತಿಯೊಬ್ಬರ ಹೆಸರನ್ನೂ ಆಧಾರಿನಲ್ಲಿರುವ ಇಂಗ್ಲಿಷ್ ಸ್ಪೆಲಿಂಗಿನಲ್ಲೇ, ಅಕ್ಷರ ಅಕ್ಷರ ಓದಿ ಹುಡುಗನಿಗೆ ಬರೆಸಿ. ಜೊತೆಗೆ ಗಾಡಿ ನಂಬರು, ಡ್ರೈವರ್ ಹೆಸರು. ಡ್ರೈವರನ್ನು ಪಟ್ಟಿಯಲ್ಲಿ ಬಿಟ್ಟರೆ ಒಳಗೆ ಗಾಡಿ ಬಿಡುವ ಅನುಮತಿ ಇದ್ದರೂ ಗಾಡಿ ಹೊರಗೇ ನಿಲ್ಲುತ್ತದೆ.

ಇನ್ನು ಒಂದು ಪ್ರಶ್ನೆಯನ್ನು ಕೊನೆಯ ಭಾನುವಾರ ತಪ್ಪದೆ ಕೇಳಿ: "ಯಾವ ಕಂಪನಿ, ಯಾವ ಪ್ಲಟೂನ್, ಬಲದಿಂದ ಎಷ್ಟನೇ ಸಾಲು, ಮುಂದಿನಿಂದ ಎಷ್ಟನೆಯವನು?" ಪ್ಲಟೂನ್ ಅಂದರೆ ಕಂಪನಿಯೊಳಗಿನ ಚಿಕ್ಕ ತುಕಡಿ. ಮೈದಾನದಲ್ಲಿ ನೂರಾರು ಹುಡುಗರು ಒಂದೇ ಉಡುಪು, ಒಂದೇ ಟೋಪಿ, ಒಂದೇ ಎತ್ತರದ ಹೆಜ್ಜೆ. ಏಳು ತಿಂಗಳಲ್ಲಿ ಮೈ ಇಳಿದು, ಬಣ್ಣ ಕಂದಿ, ಕೂದಲು ಹೋಗಿ, ಹೆತ್ತವರಿಗೂ ಗುರುತು ಹತ್ತುವುದಿಲ್ಲ. ಸಾಲು ಗೊತ್ತಿದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಒಂದು ಎಚ್ಚರಿಕೆ. ಬೆಳಗಾವಿಯಲ್ಲಿ ಸೈನ್ಯದ ತಾಣ ಒಂದೇ ಅಲ್ಲ. ಊರಿನ ಕ್ಯಾಂಪ್ ಪ್ರದೇಶದಲ್ಲಿ ಮರಾಠಾ ಸೆಂಟರ್ ಇದೆ, ಜೂನಿಯರ್ ಲೀಡರ್ಸ್ ವಿಂಗ್ ಇದೆ, ಮಿಲಿಟರಿ ಶಾಲೆ ಇದೆ. ವಾಯುಪಡೆಗೆ ಸೇರಿದ ಹುಡುಗರ ತರಬೇತಿ ಊರಾಚೆ ಸಾಂಬ್ರಾದಲ್ಲಿ, ವಿಮಾನ ನಿಲ್ದಾಣದ ಪಕ್ಕ. ಕ್ಯಾಂಪಿಗೂ ಸಾಂಬ್ರಾಕ್ಕೂ ನಡುವೆ ಇಡೀ ಊರಿದೆ. "ಬೆಳಗಾವಿ ಮಿಲಿಟರಿ" ಎಂದಷ್ಟೇ ಮ್ಯಾಪಿನಲ್ಲಿ ಹಾಕಿದರೆ ಅದು ಎಲ್ಲಿಗಾದರೂ ಕರೆದೊಯ್ಯುತ್ತದೆ. ಹುಡುಗ ಹೇಳಿದ ಗೇಟಿನ ಹೆಸರನ್ನೇ ಹಾಕಿ.

ಗಾಡಿ, ಬುತ್ತಿ, ಸಾಮಾನು

ಬಾಡಿಗೆ ಗಾಡಿ ಹಳದಿ ಬೋರ್ಡಿನದೇ ಆಗಲಿ. ಗೆಳೆಯರ ಬಿಳಿ ಬೋರ್ಡ್ ಗಾಡಿಗೆ ಬಾಡಿಗೆ ಕೊಟ್ಟು ಹೋದರೆ ಏನಾದರೂ ಆದಾಗ ವಿಮೆ ಕೈಕೊಡುತ್ತದೆ. ಬೆಳಗಾವಿ ನಮ್ಮ ರಾಜ್ಯದಲ್ಲೇ ಇರುವುದರಿಂದ ಬೇರೆ ಪರ್ಮಿಟ್ಟಿನ ತಾಪತ್ರಯ ಇಲ್ಲ. ಮಗ ನಾಸಿಕ್ ರೋಡಿನ ಆರ್ಟಿಲರಿ (ಫಿರಂಗಿ ದಳ) ಸೆಂಟರಿನಲ್ಲೋ ಸಿಕಂದರಾಬಾದಿನ ಇಎಂಇ (ಸೈನ್ಯದ ಯಂತ್ರ-ವಾಹನ ದುರಸ್ತಿ ದಳ) ಸೆಂಟರಿನಲ್ಲೋ ಇದ್ದರೆ ಅದನ್ನೂ ವಿಚಾರಿಸಬೇಕು. ಫಾಸ್ಟ್‌ಟ್ಯಾಗಿನಲ್ಲಿ ಹಣ ಇದೆಯೇ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಹೊಗೆ ಸರ್ಟಿಫಿಕೇಟಿನ ಅವಧಿ ಮುಗಿದಿಲ್ಲವೇ ಎಂದು ಹೊರಡುವ ಹಿಂದಿನ ಸಂಜೆ ನೋಡಿ. ಚಳಗೇರಿ, ಬಂಕಾಪುರ, ಆಮೇಲೆ ಹುಬ್ಬಳ್ಳಿ-ಧಾರವಾಡ ಬೈಪಾಸಿನದು, ಕೊನೆಗೆ ಹಿರೇಬಾಗೇವಾಡಿ, ಹೀಗೆ ಟೋಲುಗಳು ಸಾಲಾಗಿ ಬರುತ್ತವೆ. ಚಿತ್ರದುರ್ಗದಿಂದ ಬರುವವರಿಗೆ ಹೆಬ್ಬಾಳು ಟೋಲು ಸೇರುತ್ತದೆ.

ಗಾಡಿಯಲ್ಲಿ ಒಂದು ಸೀಟು ಖಾಲಿ ಬಿಡಿ. ರಜೆ ಸಿಕ್ಕಿದರೆ ಮಗ ನಿಮ್ಮ ಜೊತೆಯಲ್ಲೇ ಬರುತ್ತಾನೆ, ಅವನ ಜೊತೆ ಕಪ್ಪು ಕಬ್ಬಿಣದ ಟ್ರಂಕು, ಕಿಟ್ ಬ್ಯಾಗು, ಹಾಸಿಗೆ ಸುರುಳಿ ಬರುತ್ತವೆ. ಟ್ರಂಕು ಟೆಂಪೊ ಟ್ರಾವೆಲರಿನ ಹಿಂದಿನ ಜಾಗದಲ್ಲಿ ಅಡ್ಡ ಕೂರುತ್ತದೆ. ಎರ್ಟಿಗಾದಂಥ ಗಾಡಿಯಲ್ಲಿ ಹಿಂದಿನ ಸೀಟು ಮಡಚದೆ ಕೂರುವುದಿಲ್ಲ. ಹೋಗುವಾಗ ಹನ್ನೆರಡು ಸೀಟಿಗೆ ಹನ್ನೆರಡು ಜನ ತುಂಬಿಕೊಂಡು ಹೋದ ಮನೆಯವರು ಬರುವಾಗ ಚಿಕ್ಕಪ್ಪನನ್ನು ಬಸ್ಸಿಗೆ ಹತ್ತಿಸಿ ಕಳಿಸುವುದನ್ನು ನೋಡಿದ್ದೇವೆ. ಒಳಗೆ ಬಿಡುವ ಜನರ ಲೆಕ್ಕಕ್ಕಿಂತ ಹೆಚ್ಚು ಮಂದಿ ಹೋಗುವುದರಲ್ಲಿ ಅರ್ಥವೂ ಇಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಬ್ಯಾಂಡಿನ ಸದ್ದು ಕೇಳುವುದಷ್ಟೇ ಅವರ ಪಾಲಿಗೆ ಬರುವುದು.

ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇದ್ದರೆ ಎರಡು ದಿನಕ್ಕೂ ಚಿಂತೆ ಇಲ್ಲ. ಖಡಕ್ ರೊಟ್ಟಿ ಬಟ್ಟೆ ಚೀಲದಲ್ಲಿ ಪುಡಿಯಾಗುತ್ತದೆ, ಅಗಲದ ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಇಡಿ. ಮೊಸರನ್ನವನ್ನು ನೇರ ಮೊಸರಿನಲ್ಲಿ ಕಲೆಸಿದರೆ ಹಾವೇರಿ ದಾಟುವುದರೊಳಗೆ ಹುಳಿ. ಹನ್ನೆರಡು ಜನಕ್ಕೆ ಒಂದು ಹೊತ್ತಿಗೆ ಒಂದೂಕಾಲು ಕೆ.ಜಿ. ಅಕ್ಕಿ ಹಿಡಿಯಿರಿ, ಅನ್ನ ಬಿಸಿ ಇರುವಾಗಲೇ ಮೆತ್ತಗೆ ಮಾಡಿ ಎರಡು ಲೀಟರ್ ಕಾದ ಹಾಲು ಬೆರೆಸಿ, ಪೂರ್ತಿ ಆರಿದ ಮೇಲೆ ಎರಡು ದೊಡ್ಡ ಚಮಚ ಮೊಸರು ಹಾಕಿ ಕಲೆಸಿ. ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ. ಇದನ್ನು ಮೊದಲ ದಿನದ ಊಟಕ್ಕೇ ಮುಗಿಸಿ, ರಾತ್ರಿಗೆ ಉಳಿಸಬೇಡಿ.

ಮಗನಿಗೆಂದು ಶೇಂಗಾ ಹೋಳಿಗೆ, ಕರ್ಜಿಕಾಯಿ ಒಯ್ಯುವವರು ಲೆಕ್ಕಕ್ಕಿಂತ ಎರಡು ಪಟ್ಟು ಒಯ್ಯಿರಿ. ಅವನ ಪಕ್ಕದ ಮಂಚದ ಹುಡುಗನ ಅಪ್ಪ ಅಮ್ಮ ದೂರದ ರಾಜ್ಯದವರಿರಬಹುದು, ಬರಲು ಆಗಿರುವುದಿಲ್ಲ. ಪರೇಡ್ ಮುಗಿದು ಎಲ್ಲರ ಮನೆಯವರೂ ತಮ್ಮ ತಮ್ಮ ಮಕ್ಕಳನ್ನು ತಬ್ಬಿಕೊಂಡಾಗ ಆ ಹುಡುಗರು ಒಂದು ಕಡೆ ನಿಂತಿರುತ್ತಾರೆ. ಅವರನ್ನು ಕರೆದು ಕೂರಿಸಿ, ಡಬ್ಬಿ ಬಿಚ್ಚಿ. ಏಳು ತಿಂಗಳು ನಿಮ್ಮ ಮಗನ ಜೊತೆ ಓಡಿ, ಬಿದ್ದು, ಎದ್ದವರು ಅವರೇ.

ದಾರಿ

ಹಿಂದಿನ ದಿನ ಬೆಳಿಗ್ಗೆ 8ಕ್ಕೆ ದಾವಣಗೆರೆ ಬಿಡಿ. ಚಿತ್ರದುರ್ಗದವರು 60 ಕಿ.ಮೀ. ಮುಂಚೆಯೇ ಇರುವುದರಿಂದ ಏಳಕ್ಕೆ ಮುಂಚೆ, ಚಳ್ಳಕೆರೆ-ಮೊಳಕಾಲ್ಮೂರು ಕಡೆಯವರು ಇನ್ನೂ ಬೇಗ. ಹೊನ್ನಾಳಿ, ಚನ್ನಗಿರಿ ಕಡೆಯವರಿಗೆ ಹೆದ್ದಾರಿ ಸೇರುವವರೆಗಿನ ಹೊತ್ತನ್ನೇ ಬೇರೆ ಹಿಡಿಯಬೇಕು.

ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೇಬೆನ್ನೂರು, ಮೋಟೆಬೆನ್ನೂರು, ಹಾವೇರಿ. ನಾಲ್ಕು-ಆರು ಪಥದ ರಸ್ತೆ, ಕಣ್ಣಿಗೆ ಸಲೀಸು. ಸಲೀಸು ಎಂದೇ ಮೋಸ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸರ್ವಿಸ್ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕಿರುತ್ತಾರೆ, ಅಲ್ಲಿಂದ ಬೈಕು, ಟ್ರ್ಯಾಕ್ಟರುಗಳು ದಿಢೀರನೆ ಮುಖ್ಯ ರಸ್ತೆಗೆ ಏರುತ್ತವೆ, ಕೆಲವು ಎದುರು ದಿಕ್ಕಿನಲ್ಲೇ ಬರುತ್ತವೆ. ಲಾರಿಗಳು ಬಲಗಡೆಯ ಲೇನನ್ನು ಬಿಟ್ಟುಕೊಡುವುದಿಲ್ಲ, ಎಡದಿಂದ ನುಗ್ಗುವ ಚಾಳಿ ಡ್ರೈವರಿಗೆ ಅಂಟಿರುತ್ತದೆ. ಟೆಂಪೊ ಟ್ರಾವೆಲರ್ 80ರ ಮೇಲೆ ಹೋಗುವುದು ಬೇಡ ಎಂದು ಹತ್ತುವಾಗಲೇ ಹೇಳಿಬಿಡಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಅರ್ಧ ದಾರಿಯಲ್ಲಿ ಹೇಳಿದರೆ ಡ್ರೈವರಿಗೆ ಮುನಿಸು ಬರುತ್ತದೆ.

ಹಾವೇರಿಯಲ್ಲಿ ಇಳಿಯಿರಿ. ಚಹಾಕ್ಕೂ ಆಯಿತು, ಏಲಕ್ಕಿ ಮಾಲೆಗೂ ಆಯಿತು. ಹೂವಿನ ಹಾರ ಮರುದಿನ ಬೆಳಿಗ್ಗೆಗೆ ಬಾಡಿರುತ್ತದೆ. ಹಾವೇರಿಯ ಏಲಕ್ಕಿ ಮಾಲೆ ವರ್ಷಗಟ್ಟಲೆ ಇರುತ್ತದೆ, ಚೀಲದಲ್ಲಿ ಮಡಚಿದರೂ ಕೆಡುವುದಿಲ್ಲ. ಆದರೆ ಸಮವಸ್ತ್ರದ ಮೇಲೆ ಮಾಲೆ ಹಾಕುವ ಮುಂಚೆ ಮಗನನ್ನು ಕೇಳಿ. ತರಬೇತಿ ಕೊಟ್ಟ ಉಸ್ತಾದರ ಮುಂದೆ ಅವನಿಗೆ ಇರಿಸುಮುರಿಸಾಗುವುದಾದರೆ ಮನೆಗೆ ಬಂದ ಮೇಲೆ ಹಾಕಿದರಾಯಿತು.

ಬಂಕಾಪುರ, ಶಿಗ್ಗಾವಿ ದಾಟಿದ ಮೇಲೆ ಗಬ್ಬೂರಿನ ಹತ್ತಿರ ಬೈಪಾಸ್ ಕವಲು. ಹುಬ್ಬಳ್ಳಿ ಊರೊಳಗೆ ಹೋಗಬೇಡಿ, ಹೊತ್ತು ಹೋಗುತ್ತದೆ. ಬೈಪಾಸ್ ನರೇಂದ್ರದವರೆಗೆ ಸುಮಾರು 30 ಕಿ.ಮೀ. ವರ್ಷಗಟ್ಟಲೆ ಇದು ನಡುವೆ ಡಿವೈಡರ್ ಇಲ್ಲದ ದ್ವಿಪಥವಾಗಿತ್ತು, ಎರಡೂ ಕಡೆಯಿಂದ ನಾಲ್ಕು ಪಥದ ವೇಗದಲ್ಲಿ ಬಂದ ಗಾಡಿಗಳು ಇದ್ದಕ್ಕಿದ್ದಂತೆ ಎದುರುಬದುರಾಗುತ್ತಿದ್ದವು, ಅಪಘಾತಗಳ ಮೂಲವೇ ಅದು. ಅಗಲ ಮಾಡುವ ಕಾಮಗಾರಿ ಹಿಡಿದ ಮೇಲೆ ಡೈವರ್ಷನ್‌ಗಳು ಜಾಗ ಬದಲಿಸುತ್ತಾ ಬಂದಿವೆ, ಹೋದ ಸಲ ನೋಡಿದ ದಾರಿ ಈ ಸಲ ಇರುತ್ತದೆ ಎಂದು ನಂಬಬೇಡಿ. ಇಲ್ಲಿ ಓವರ್‌ಟೇಕ್ ಮಾಡದೆ, ಮುಂದಿನ ಲಾರಿಯ ಹಿಂದೆ ಅಂತರ ಬಿಟ್ಟು ಹೋದರೆ ಹೆಚ್ಚೆಂದರೆ ಹತ್ತು ನಿಮಿಷ ತಡ.

ಧಾರವಾಡದಿಂದ ಮುಂದೆ ಕಿತ್ತೂರು, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸೇತುವೆ, ಹಿರೇಬಾಗೇವಾಡಿ. ಕಬ್ಬು ಅರೆಯುವ ಕಾಲದಲ್ಲಿ, ಅಂದರೆ ನವೆಂಬರಿನಿಂದ ಮಾರ್ಚಿನ ತನಕ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಈ ರಸ್ತೆ ತುಂಬ. ಹಿಂದೆ ಕೆಂಪು ದೀಪ ಇರುವುದಿಲ್ಲ, ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತದೆ. ರಾತ್ರಿ ಪ್ರಯಾಣ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ಇದು. ಊಟ, ಶೌಚದ ನಿಲುಗಡೆ ಎಲ್ಲ ಸೇರಿ ಮಧ್ಯಾಹ್ನ ಎರಡು ಮೂರರೊಳಗೆ ಬೆಳಗಾವಿಯಲ್ಲಿರುತ್ತೀರಿ.

ಸಂಜೆ ಲಾಡ್ಜಿನಲ್ಲಿ ಕೂರದೆ ಒಮ್ಮೆ ಗೇಟಿನವರೆಗೆ ಗಾಡಿಯಲ್ಲಿ ಹೋಗಿಬನ್ನಿ. ಕ್ಯಾಂಪಿನ ರಸ್ತೆಗಳೆಲ್ಲ ಒಂದೇ ಥರ, ಸಾಲು ಮರ, ಬಿಳಿ-ಕೆಂಪು ಕಲ್ಲು, ತಂತಿ ಬೇಲಿ. ನಸುಕಿನಲ್ಲಿ ಹುಡುಕುವುದು ಕಷ್ಟ. ಗೇಟಿನ ಫೋಟೊ ಹೊಡೆಯಬೇಡಿ. ಹತ್ತಿರದ ಮಿಲಿಟರಿ ಮಹಾದೇವನ ಗುಡಿಗೆ ಹೋಗಿ ಕೈಮುಗಿದು ಬರುವುದು ಅನೇಕರ ವಾಡಿಕೆ. ಡ್ರೈವರಿಗೂ ಒಂದು ಹಾಸಿಗೆ ಕೊಡಿಸಿ. ಸೊಳ್ಳೆ ಕಡಿಸಿಕೊಂಡು ಗಾಡಿಯಲ್ಲಿ ಮಲಗಿದವರೇ ನಾಳೆ ನಿಮ್ಮನ್ನೆಲ್ಲ ವಾಪಸ್ ಕರೆತರಬೇಕು.

ಗೇಟು ಮತ್ತು ಮೈದಾನ

ಗೇಟಿನಲ್ಲಿ ಆಧಾರ್ ಮೂಲ ಪ್ರತಿ ಬೇಕು, ಜೆರಾಕ್ಸೂ ಇರಲಿ. ಫೋನಿನಲ್ಲಿ ತೋರಿಸುತ್ತೇವೆ ಎಂದುಕೊಂಡು ಹೋದರೆ ಫೋನನ್ನೇ ಒಪ್ಪಿಸಿ ಒಳಗೆ ಹೋಗಿ ಎನ್ನಬಹುದು. ಹಾಗೆ ಒಪ್ಪಿಸಬೇಕಾದಾಗ ಟೋಕನ್ ಕೊಡುತ್ತಾರೆ. ನೂರಾರು ಫೋನುಗಳಲ್ಲಿ ನಿಮ್ಮದು ಬೇಗ ಸಿಗಲು ಹಿಂದೆ ಹೆಸರು ಬರೆದ ಪಟ್ಟಿ ಅಂಟಿಸಿ, ಮನೆಯವರೆಲ್ಲರ ಫೋನನ್ನೂ ಒಂದೇ ಚೀಲದಲ್ಲಿ ಹಾಕಿ ಒಂದೇ ಟೋಕನ್ ತೆಗೆದುಕೊಳ್ಳಿ. ಫೋನಿಲ್ಲದೆ ಒಳಗಿರುವಾಗ ಒಬ್ಬರಿಗೊಬ್ಬರು ತಪ್ಪಿಹೋಗುವುದು ಸುಲಭ. ಪರೇಡ್ ಮುಗಿದ ಮೇಲೆ ಎಲ್ಲಿ ಸೇರಬೇಕೆಂದು ಒಳಗೆ ಹೋಗುವಾಗಲೇ ಗೊತ್ತುಮಾಡಿ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಹಿರಿಯರ ಕೈಯಲ್ಲಿ ಹುಡುಗನ ಹೆಸರು, ನಂಬರು, ಕಂಪನಿ, ಪ್ಲಟೂನನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಚೀಟಿ ಇರಲಿ.

ಪುಟ್ಟ ಮಕ್ಕಳಿಗೆ ಸಂತೆಯಲ್ಲಿ ಸಿಗುವ ಮಿಲಿಟರಿ ಬಣ್ಣದ ಅಂಗಿ ಚಡ್ಡಿ ಹಾಕಿಸಿ ಕರೆತರುತ್ತಾರೆ, ಪ್ರೀತಿಯಿಂದಲೇ. ಅದು ಬೇಡ, ಗೇಟಿನಲ್ಲೇ ಆಕ್ಷೇಪ ಬರುತ್ತದೆ. ದೊಡ್ಡವರು ಹಬ್ಬಕ್ಕೆ ಉಡುವ ಬಟ್ಟೆ ಉಡಲಿ. ಬೆಳಗಾವಿಯ ಬೆಳಗು ದಾವಣಗೆರೆಯದಕ್ಕಿಂತ ತಣ್ಣಗೆ. ಚಳಿಗಾಲವಾದರೆ ಅಜ್ಜಿಗೆ ಶಾಲು, ಜೂನ್‌ನಿಂದ ಸೆಪ್ಟೆಂಬರ್ ಆದರೆ ಎಲ್ಲರಿಗೂ ಕೊಡೆ ಬೇಕು. ತುಂತುರು ಮಳೆಗೆ ಪರೇಡ್ ನಿಲ್ಲುವುದಿಲ್ಲ. ಅಷ್ಟು ನಸುಕಿಗೆ ಲಾಡ್ಜಿನಲ್ಲಿ ತಿಂಡಿ ಸಿಗದು, ಹಿಂದಿನ ರಾತ್ರಿಯೇ ಬಾಳೆಹಣ್ಣು, ಬ್ರೆಡ್ಡು ತಂದಿಡಿ. ಬಿಪಿ, ಶುಗರ್ ಇದ್ದವರು ಮಾತ್ರೆ ತೆಗೆದುಕೊಂಡೇ ಹೊರಡಲಿ. ಒಮ್ಮೆ ಕೂತರೆ ಎರಡು ಗಂಟೆ ಏಳಲಾಗದು.

ಪರೇಡಿನ ಕ್ರಮ ಮುಂಚೆ ತಿಳಿದಿದ್ದರೆ ನೋಡುವ ಸೊಗಸೇ ಬೇರೆ. ಬ್ಯಾಂಡಿನ ಹಿಂದೆ ತುಕಡಿಗಳು ಮೈದಾನಕ್ಕೆ ಬರುತ್ತವೆ. ಆದೇಶಗಳೆಲ್ಲ ಹಿಂದಿಯಲ್ಲಿ: ಸಾವಧಾನ್, ವಿಶ್ರಾಮ್, ಸಲಾಮಿ ಶಸ್ತ್ರ್. ಪರಿವೀಕ್ಷಣೆಗೆ ಬಂದ ಅಧಿಕಾರಿಗೆ ಸಲಾಮಿ ಸಲ್ಲುತ್ತದೆ, ಅವರು ಸಾಲುಗಳನ್ನು ನೋಡಿಕೊಂಡು ಬರುತ್ತಾರೆ. ಆಮೇಲೆ ನಿಶಾನ್, ಅಂದರೆ ರೆಜಿಮೆಂಟಿನ ಧ್ವಜ, ತ್ರಿವರ್ಣ ಧ್ವಜದ ಜೊತೆ ಮೈದಾನಕ್ಕೆ ಬರುತ್ತದೆ. ಆಗ ಎಲ್ಲರೂ ಎದ್ದು ನಿಲ್ಲಬೇಕು. ನಿಶಾನ್ ಹಿಂದಿರುಗುವಾಗಲೂ ಹಾಗೆಯೇ. ಕೂತೇ ಇದ್ದರೆ ಯಾರಾದರೂ ಬಂದು ಎಬ್ಬಿಸುತ್ತಾರೆ, ಅದಕ್ಕೆ ಅವಕಾಶ ಕೊಡಬಾರದು.

ಕಸಂ ಬರುವುದು ಇಲ್ಲಿ. ಧರ್ಮಗುರುಗಳು ಭಗವದ್ಗೀತೆ, ಕುರಾನ್, ಗುರುಗ್ರಂಥ, ಬೈಬಲ್ ಹಿಡಿದು ನಿಲ್ಲುತ್ತಾರೆ. ನೆಲ, ಜಲ, ಆಕಾಶ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣದ ಹಂಗು ತೊರೆದು ಆಜ್ಞೆ ಪಾಲಿಸುತ್ತೇನೆ ಎಂಬರ್ಥದ ಮಾತುಗಳನ್ನು ನೂರಾರು ಗಂಟಲು ಒಟ್ಟಿಗೆ ಹೇಳುತ್ತವೆ. ಇಷ್ಟು ದಿನ ರಂಗ್ರೂಟ್ ಎನಿಸಿಕೊಂಡಿದ್ದ ಹುಡುಗ ಸೈನಿಕನಾಗುವುದು ಈ ಗಳಿಗೆಯಲ್ಲಿ. ಆಗ ಮಾತಾಡಬೇಡಿ, ಮಗುವಿಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಬೇಡಿ. ಇಲ್ಲಿಗೆ ಬಂದದ್ದೇ ಆ ಮಾತುಗಳನ್ನು ಕೇಳುವುದಕ್ಕೆ. ನಂತರ ನಿಧಾನ ನಡೆ, ತೇಜ್ ನಡೆ. ಸಲಾಮಿ ಸ್ವೀಕರಿಸುವ ವೇದಿಕೆಯ ಮುಂದೆ ಬಂದಾಗ "ದಾಹಿನೆ ದೇಖ್" ಎನ್ನುವ ಕೂಗಿಗೆ ಅಷ್ಟೂ ತಲೆಗಳು ಒಮ್ಮೆಗೇ ಬಲಕ್ಕೆ ತಿರುಗುತ್ತವೆ. ಮಗನ ಮುಖ ಪೂರ್ತಿ ಕಾಣುವುದು ಆ ಕ್ಷಣದಲ್ಲೇ, ಸಾಲಿನ ಲೆಕ್ಕ ಕೇಳಿಟ್ಟುಕೊಂಡದ್ದು ಅದಕ್ಕೇ. ಡ್ರಿಲ್ಲು, ಗುರಿ ಹೊಡೆತ, ಪಿಟಿಯಲ್ಲಿ ಮುಂದಿದ್ದವರಿಗೆ ಬಹುಮಾನ ಕೊಡುತ್ತಾರೆ. ಕೊನೆಯಲ್ಲಿ "ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ" ಎಂಬ ರೆಜಿಮೆಂಟಿನ ಘೋಷ ಮೈದಾನ ತುಂಬುತ್ತದೆ. 1768ರಲ್ಲಿ ಮೊದಲ ಪಲ್ಟನ್ ಕಟ್ಟಿದ ರೆಜಿಮೆಂಟ್ ಇದು. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದ ನಾಯಕ್ ಯಶವಂತ ಘಾಡ್ಗೆ, ಸಿಪಾಯಿ ನಾಮದೇವ ಜಾಧವ್ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಸಂದಿದೆ. ಕಾಯುವ ಹೊತ್ತಿನಲ್ಲಿ ಮನೆಯ ಮಕ್ಕಳಿಗೆ ಇದನ್ನು ಹೇಳಿ.

ಪರೇಡ್ ಮುಗಿಯಿತೆಂದು ಕೂಡಲೇ ಮೈದಾನಕ್ಕೆ ಓಡಬಾರದು, ಕರೆಯುವವರೆಗೆ ಕಾಯಬೇಕು. ಗೌರವ್ ಪದಕ್ ಎಂಬ ಪದಕವನ್ನು ಹೆತ್ತವರಿಗೆ ತೊಡಿಸುತ್ತಾರೆ. ಮಗನಿಗೆ ಸಲ್ಲಬೇಕಾದ ಗೌರವ ಅಪ್ಪ ಅಮ್ಮನ ಎದೆಗೆ ಬರುತ್ತದೆ. ಅದರ ಪಿನ್ನು ರೇಷ್ಮೆ ಸೀರೆಯ ಎಳೆ ಹಿಡಿದುಬಿಡುತ್ತದೆ. ಸೆರಗನ್ನು ಎರಡು ಮಡಿಕೆ ಮಾಡಿ, ಮಡಿಕೆಯ ಮೇಲೆ ಚುಚ್ಚಿಸಿಕೊಂಡರೆ ಹರಿಯುವುದಿಲ್ಲ. ಆಮೇಲೆ ಮಗ ಬಂದು ಕಾಲಿಗೆ ಬೀಳುತ್ತಾನೆ, ಎತ್ತಿ ಕೈ ಹಿಡಿದರೆ ಹಗ್ಗ ಹತ್ತಿ ಹತ್ತಿ ಬೆರಳ ಬುಡದಲ್ಲೆಲ್ಲ ಚರ್ಮ ಗಟ್ಟಿಕಟ್ಟಿರುವುದು ಗೊತ್ತಾಗುತ್ತದೆ. ಫೋಟೊ ಎಲ್ಲಿ ಹೊಡೆಯಬಹುದು ಎಂದು ಅವನಿಗೆ ಗೊತ್ತಿರುತ್ತದೆ, ಅವನು ತೋರಿಸಿದ ಕಡೆಯೇ ಹೊಡೆಯಿರಿ.

ವಾಪಸ್

ರಜೆ ಸಿಕ್ಕರೂ ಹುಡುಗ ಕೂಡಲೇ ಹೊರಬರುವುದಿಲ್ಲ. ಸಾಮಾನು ಒಪ್ಪಿಸಬೇಕು, ಸಹಿಗಳಾಗಬೇಕು, ರಜೆಯ ಕಾಗದ ಕೈಗೆ ಬರಬೇಕು. ಮಧ್ಯಾಹ್ನ ಎರಡು ಮೂರು ಗಂಟೆಯಾದರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಊರಿಂದ ಫೋನು ಶುರುವಾಗಿರುತ್ತದೆ: "ಡೊಳ್ಳು ಹೇಳೀವಿ, ತೆರೆದ ಜೀಪು ನಿಂತೈತಿ, ಎಲ್ಲಿದ್ದೀರಿ?" ಬೆಳಗಾವಿಯಿಂದ ಮೂರಕ್ಕೆ ಹೊರಟರೂ ದಾವಣಗೆರೆ ಮುಟ್ಟುವುದು ಎಂಟೂವರೆ, ಅಲ್ಲಿಂದ ಹಳ್ಳಿಗೆ ಇನ್ನೊಂದು ಗಂಟೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಮೆರವಣಿಗೆಯನ್ನು ಮರುದಿನ ಬೆಳಿಗ್ಗೆಗೆ ಇಡಿ ಎಂದು ಹೊರಡುವ ಮುಂಚೆಯೇ ಊರಲ್ಲಿ ಹೇಳಿ ಬನ್ನಿ, ಡ್ರೈವರಿನ ಮೇಲೆ ಒತ್ತಡ ಬೀಳುವುದಿಲ್ಲ. ಹೊತ್ತಿದ್ದರೆ ಕಿತ್ತೂರಿನಲ್ಲಿ ಇಳಿದು ಚೆನ್ನಮ್ಮನ ಕೋಟೆ ತೋರಿಸಿ, ಧಾರವಾಡದಲ್ಲಿ ಪೇಡೆ ಕೊಳ್ಳಿ. ಹೊತ್ತಿಲ್ಲದಿದ್ದರೆ ಎರಡನ್ನೂ ಬಿಡಿ, ಬೈಪಾಸನ್ನು ಬೆಳಕಿರುವಾಗ ದಾಟುವುದೇ ಮುಖ್ಯ.

ಮೆರವಣಿಗೆಯಲ್ಲಿ ಸಮವಸ್ತ್ರ ಹಾಕು, ಯಾವುದೋ ಪಕ್ಷದ ಶಾಲು ಹೊದೆ ಎಂದು ಹುಡುಗನನ್ನು ಒತ್ತಾಯಿಸಬೇಡಿ. ಅವನ ಮೇಲೆ ಈಗ ನಿಯಮಗಳಿವೆ, ಊರಿನವರಿಗೆ ಬೇಜಾರಾಗಬಾರದೆಂದು ಅವನು ಸುಮ್ಮನೆ ಒಪ್ಪಿಕೊಂಡರೆ ನಾಳೆ ಉತ್ತರ ಕೊಡಬೇಕಾದವನೂ ಅವನೇ. ಸ್ಟೇಟಸ್ಸಿನಲ್ಲಿ ಫೋಟೊ ಹಾಕುವ ಚಿಕ್ಕವರಿಗೂ ಹೇಳಿ: ಸೇನಾ ಗುರುತಿನ ಚೀಟಿ, ನಂಬರು, ಯಾವ ಯೂನಿಟ್ಟು, ಯಾವ ಊರಿಗೆ ಪೋಸ್ಟಿಂಗ್, ಇವು ಯಾವುವೂ ಕಾಣಬಾರದು.

ರಜೆಯ ಕಾಗದವನ್ನು ಮನೆಯಲ್ಲಿ ದೇವರ ಜಗಲಿಯ ಮೇಲಿಡದೆ ಅವನ ಜೇಬಿನಲ್ಲೇ ಬಿಡಿ, ಹೊರಗೆ ಹೋದಾಗ ಕೇಳಿದರೆ ತೋರಿಸಬೇಕಾಗುತ್ತದೆ. ಮನೆಗೆ ಬಂದ ದಿನವೇ ತಿರುಗಿ ಹೋಗುವ ರೈಲಿನ ಮಾತಾಡಿ. ಯೂನಿಟ್ ಜಮ್ಮುವಿನ ಕಡೆಯೋ ಈಶಾನ್ಯದ ಕಡೆಯೋ ಇದ್ದರೆ ದಾರಿಯೇ ಎರಡು ಮೂರು ದಿನ. ರೈಲ್ವೆಯ ಮುಂಗಡ ಬುಕಿಂಗ್ 60 ದಿನ ಮುಂಚೆಯೇ ತೆರೆದಿರುತ್ತದೆ, ದೂರದ ಗಾಡಿಗಳು ಆಗಲೇ ಭರ್ತಿಯಾಗಿರುತ್ತವೆ. ರಜೆ ಮುಗಿಯುವ ದಿನಕ್ಕಿಂತ ಒಂದು ದಿನ ಮುಂಚೆ ಮುಟ್ಟುವಂತೆ ಟಿಕೆಟ್ ಮಾಡಿಸಿ. ದಾವಣಗೆರೆಯಿಂದ ನೇರ ಗಾಡಿ ಇಲ್ಲದಿದ್ದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಗಾಡಿ ಬದಲಿಸಲು ಕನಿಷ್ಠ ನಾಲ್ಕು ಗಂಟೆ ಬಿಡುವು ಇಟ್ಟುಕೊಳ್ಳಿ, ಟ್ರಂಕು ಹೊತ್ತು ಪ್ಲಾಟ್‌ಫಾರಂ ದಾಟುವುದಕ್ಕೂ ಹೊತ್ತು ಬೇಕು.